ವೆಂಟೊ 1.6 ಟಿಡಿಐ: ಅಪ್‌ಡೇಟ್‌ಗೆ ಮುಂಚೆ ಇಜಿಆರ್ ನೋಡಿಸಿ

ಎಳೆತ, ಹೆದ್ದಾರಿ ಮೈಲೇಜ್, ಗಟ್ಟಿಮುಟ್ಟು ಬಾಡಿ ಬಗ್ಗೆ ಎಲ್ಲರೂ ಬರೆದಿದ್ದಾರೆ. ಫೋಕ್ಸ್‌ವ್ಯಾಗನ್‌ನ ಹಳೇ ವೆಂಟೊ ಡೀಸೆಲ್ ಕಾರು ಇಟ್ಟುಕೊಂಡವರನ್ನು ನಿಜಕ್ಕೂ ಕಾಡುವುದು ಇಜಿಆರ್ ವಾಲ್ವ್, ಅಂದರೆ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಇಳಿಸಲು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ. ಮಾಲಿನ್ಯದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಬೇಕೋ ಬೇಡವೋ ಎಂಬ ಜಗಳವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಹಿನ್ನೆಲೆ ಚಿಕ್ಕದು. ಟೆಸ್ಟ್ ನಡೆಯುವಾಗ ಮಾತ್ರ ನೈಟ್ರೋಜನ್ ಆಕ್ಸೈಡ್ ಇಳಿಸುತ್ತಿದ್ದ ಫೋಕ್ಸ್‌ವ್ಯಾಗನ್‌ನ ಇಎ189 ಎಂಜಿನ್‌ಗಳಿಗಾಗಿ 2015ರ ಡಿಸೆಂಬರ್‌ನಲ್ಲಿ ಭಾರತದಲ್ಲಿ 3,23,700 ಕಾರುಗಳ ರೀಕಾಲ್ ಘೋಷಣೆಯಾಯಿತು. ಈ 1.6 ಎಂಜಿನ್ ಅದೇ ಗುಂಪಿನದು, ಅಪ್‌ಡೇಟ್ ಬಂದದ್ದೂ ಆ ರೀಕಾಲ್‌ಗಾಗಿಯೇ. ಅದೇ ಕೆಲಸ ರಸ್ತೆಯಲ್ಲೂ ಆಗಬೇಕಾದರೆ ಸುಟ್ಟ ಹೊಗೆ ಹೆಚ್ಚು ಹೊತ್ತು ಎಂಜಿನ್‌ಗೆ ಮರಳಬೇಕು. ಆ ಹೊಗೆಯ ಮಸಿ, ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆಯ ಆವಿಯ ಜೊತೆ ಬೆರೆತು ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಮೊದಲೇ ಅರ್ಧ ಕಟ್ಟಿಕೊಂಡಿದ್ದ ವಾಲ್ವ್ ಅಪ್‌ಡೇಟ್ ಆದ ಮೇಲೆ ಕೈಕೊಟ್ಟರೆ ಪೂರ್ತಿ ದೂರು ಸಾಫ್ಟ್‌ವೇರ್ ಮೇಲೆ ಬೀಳುತ್ತದೆ. ಹಳೆಯ ಸ್ಥಿತಿಯ ದಾಖಲೆ ಇಲ್ಲದಿದ್ದರೆ ವರ್ಕ್‌ಶಾಪ್‌ನಲ್ಲಿ ನಿಮ್ಮ ಮಾತು ನಿಲ್ಲುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ: ಎಷ್ಟೋ ಕಡೆ ಸ್ಕ್ಯಾನ್ ಮಾಡದೆ ಲ್ಯಾಪ್‌ಟಾಪ್ ಜೋಡಿಸಿ, ಅಪ್‌ಡೇಟ್ ಹಾಕಿ, ಕೀ ಕೈಗೆ ಕೊಟ್ಟುಬಿಡುತ್ತಾರೆ.

ಅದಕ್ಕೇ ಮೊದಲು ಫಾಲ್ಟ್ ಕೋಡ್‌ಗಳ ಪ್ರಿಂಟ್ ತೆಗೆಸಿಕೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಏರ್ ಮಾಸ್ ರೀಡಿಂಗ್ (ಎಂಜಿನ್‌ಗೆ ಹೋಗುವ ಹೊಸ ಗಾಳಿಯ ಅಳತೆ) ನೋಡಿಸಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳಿದ್ದಕ್ಕಿಂತ ಗಾಳಿ ತೀರಾ ಕಡಿಮೆ ಬರುತ್ತಿದ್ದು, ಪಿಕಪ್ ಸತ್ತು ಕಪ್ಪು ಹೊಗೆಯೂ ಇದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಪಿ0401 ಬಂದು ಗಾಳಿ ಜಾಸ್ತಿಯಿದ್ದರೆ ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ದಾರಿ ಮುಚ್ಚಿದೆ. ಪಿ0403 ಬಂದರೆ ವೈರಿಂಗ್ ಮತ್ತು ವಾಲ್ವ್‌ನ ಮೋಟಾರ್ ನೋಡಬೇಕು. ಆಗ ವಾಲ್ವ್ ತೊಳೆಸುವುದು ದುಡ್ಡು ದಂಡ. ಟರ್ಬೊ ಒತ್ತಡ ಕಡಿಮೆ ಎನ್ನುವ ಪಿ0299 ಇದ್ದರೆ ಇಜಿಆರ್ ಮುಟ್ಟುವ ಮೊದಲು ಇಂಟರ್‌ಕೂಲರ್ ಹೋಸ್‌ನ ಜಾಯಿಂಟ್ ನೋಡಿ. ಅಲ್ಲಿ ಎಣ್ಣೆ ಒಸರಿದ್ದರೆ ಗಾಳಿ ಸೋರುತ್ತಿರಬಹುದು.

ಬರೀ ಮಸಿ ಕಟ್ಟಿದ್ದರೆ ತೊಳೆಸಿ ನೋಡಬಹುದು. ಕ್ಲೀನರ್ ಮೋಟಾರ್ ಕಡೆಗೆ ಇಳಿಯಬಾರದು, ಗ್ಯಾಸ್ಕೆಟ್ ಹೊಸದೇ ಇರಬೇಕು, ಜೋಡಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್ ಮಾಡಿಸಬೇಕು, ಅಂದರೆ ವಾಲ್ವ್‌ನ ಸ್ಥಾನವನ್ನು ಇಸಿಯುಗೆ ಮತ್ತೆ ಕಲಿಸಬೇಕು. ಕೂಲೆಂಟ್ ಇಳಿಸಿದ್ದರೆ ಅದೇ ಗುಲಾಬಿ ಬಣ್ಣದ್ದನ್ನೇ ತುಂಬಿಸಿ, ಸಿಕ್ಕಿದ ಹಸಿರು ಕೂಲೆಂಟ್ ಬೆರೆಸಲು ಬಿಡಬೇಡಿ.

ಇಷ್ಟಾದ ಮೇಲೆ ಅಪ್‌ಡೇಟ್ ಹಾಕಿಸಿ. ಆಗ ಬ್ಯಾಟರಿಗೆ ಚಾರ್ಜರ್ ಇರಲೇಬೇಕು, ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಕೆಡಬಹುದು. ಈ ಕ್ರಮದಲ್ಲಿ ಹೋದರೆ ನಾನಂತೂ ಅಪ್‌ಡೇಟ್ ಪರ. ಅದರ ಹೆಸರಲ್ಲಿ ಬರುವ ದೂರುಗಳಲ್ಲಿ ಎಷ್ಟೋ ಹಳೇ ಮಸಿಯ ದೂರುಗಳೇ.

ಮೈಲೇಜ್ ಬಿತ್ತು ಅನ್ನಿಸಿದರೆ ಡ್ಯಾಶ್‌ಬೋರ್ಡ್ ನಂಬಬೇಡಿ. ಒಂದೇ ಬಂಕ್, ಒಂದೇ ಪಂಪ್. ನಾಝಲ್ ಮೊದಲ ಸಲ ತಾನಾಗಿ ನಿಂತ ಕೂಡಲೇ ಸಾಕೆನ್ನಿ, ಟ್ರಿಪ್ ಸೊನ್ನೆ ಮಾಡಿ. ಮುಂದಿನ ಸಲವೂ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರ್‌ನಿಂದ ಭಾಗಿಸಿ. ನಾಲ್ಕೈದು ಟ್ಯಾಂಕ್‌ಗಳ ಸರಾಸರಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇಜಿಆರ್ ಮುಚ್ಚಿಸಿಬಿಡಿ ಎಂಬ ಸಲಹೆ ಗ್ಯಾರೇಜ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ. ಪಿಯುಸಿಯಲ್ಲಿ ಡೀಸೆಲ್ ಕಾರಿಗೆ ಅಳೆಯುವುದು ಹೊಗೆಯ ದಟ್ಟಣೆ ಮಾತ್ರ, ನೈಟ್ರೋಜನ್ ಆಕ್ಸೈಡ್ ಅಲ್ಲ. ಹಾಗಾಗಿ ಪಾಸ್ ಆದ ಚೀಟಿ ಏನನ್ನೂ ಸಾಬೀತು ಮಾಡುವುದಿಲ್ಲ, ಆ ವಿಷ ಅಕ್ಕಪಕ್ಕದವರ ಉಸಿರಿಗೇ ಹೋಗುತ್ತದೆ. ಮುಚ್ಚಿಸಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ 2,000ರಿಂದ 2,500 ಆರ್‌ಪಿಎಂನಲ್ಲಿ ಓಡಿಸಿದರೆ ಮಸಿ ಕಟ್ಟುವುದು ನಿಧಾನವಾಗಬಹುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರು ಈ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಬೇಡ, ಪೆಟ್ರೋಲ್ ನೋಡಿ.