ಕಾಫಿ ಚೀಲ, ಚೀಟಿ, ಬಟವಾಡೆ: ತೋಟದ ಮನೆಯ ಲೆಕ್ಕಕ್ಕೆ ಗ್ನೂಕ್ಯಾಶ್

ತಿಂಗಳ ಒಂದನೇ ತಾರೀಕು ಸಂಬಳ ಬೀಳುವ ಮನೆಗೆ ಖರ್ಚು ಬರೆದಿಡುವ ಆ್ಯಪ್‌ಗಳು ಬೇಕಾದಷ್ಟಿವೆ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗೆ ಅವು ಹೊಂದುವುದಿಲ್ಲ. ಇಲ್ಲಿ ದುಡ್ಡು ಬರುವುದು ಕಾಫಿ, ಮೆಣಸು ಮಾರಿದಾಗ, ಹೋಗುವುದು ವಾರವಾರ. ನಡುವೆ ಬೆಳೆ ಸಾಲ, ಒಡವೆ ಸಾಲ, ಚೀಟಿ, ವ್ಯಾಪಾರಿಯಿಂದ ತಂದ ಮುಂಗಡ, ಕೆಲಸದವರಿಗೆ ಕೊಟ್ಟ ಮುಂಗಡ. ಬ್ಯಾಂಕಿನ ಮೆಸೇಜ್ ಓದಿ ಲೆಕ್ಕ ಹಾಕುವ ಆ್ಯಪ್‌ಗೆ ಖಾತೆಗೆ ಬಂದದ್ದೆಲ್ಲ ಆದಾಯ, ಹೋದದ್ದೆಲ್ಲ ಖರ್ಚು. ಒಡವೆ ಅಡವಿಟ್ಟ ತಿಂಗಳು ಮನೆ ಭರ್ತಿ ಲಾಭದಲ್ಲಿದೆ ಎಂದು ಅದು ಹಸಿರು ಗೀಟು ತೋರಿಸುತ್ತದೆ!

ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶ ಆ ತಪ್ಪು ಮಾಡಗೊಡುವುದಿಲ್ಲ. ಅದು ಹಳೇ ಜಮಾ-ಖರ್ಚಿನ ವಂಶದ್ದು: ಪ್ರತಿ ನಮೂದಿಗೂ ದುಡ್ಡು ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಿತು ಎಂಬ ಎರಡೂ ಕಡೆ ಬರೆಯಲೇಬೇಕು. ಮೊದಲ ಪೂರ್ಣ ಆವೃತ್ತಿ ಬಂದದ್ದು 1998ರಲ್ಲಿ. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಲೆಕ್ಕದ ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಇದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಲಕ್ಷಾಂತರ ಮನೆಗಳು ಬಳಸುತ್ತಿದ್ದ ಮಿಂಟ್ ಎಂಬ ಆನ್‌ಲೈನ್ ಸೇವೆ 2024ರಲ್ಲಿ ಬಾಗಿಲು ಹಾಕಿತು. ಬಳಸುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಹೊಸ ಫೈಲು ತೆರೆಯುವಾಗ ಕರೆನ್ಸಿ ಐಎನ್ಆರ್ (ನಮ್ಮ ರೂಪಾಯಿ) ಎಂದೇ ಇದೆಯೇ ನೋಡಿ. ಡಾಲರ್ ಎಂದು ಬಿಟ್ಟು ನೂರು ನಮೂದು ಹಾಕಿದ ಮೇಲೆ ತಿದ್ದಲು ಹೊರಟರೆ ತಲೆನೋವು. ಅದೇ ಕೊಡುವ ಖಾತೆಗಳ ಉದ್ದ ಪಟ್ಟಿ ಅಮೆರಿಕದ ಮನೆಗೆ ಹೊಲಿದದ್ದು, ನಮಗೆ ದೊಗಳೆ. ‘ಸಿಂಪಲ್ ಚೆಕ್‌ಬುಕ್’ ಆರಿಸಿ, ಉಳಿದ ಖಾತೆಗಳನ್ನು ನೀವೇ ಸೇರಿಸಿ. ಹೆಸರನ್ನು ಕನ್ನಡದಲ್ಲೇ ಕೊಡಬಹುದು, ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು. ಹಳೇ ನುಡಿ ಫಾಂಟಿನಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಖರ್ಚಿನಲ್ಲಿ ಮೊದಲೇ ‘ಮನೆ’, ‘ತೋಟ’ ಎಂದು ಎರಡು ಕವಲು ಮಾಡಿ. ಎರಡನ್ನೂ ‘ಪ್ಲೇಸ್‌ಹೋಲ್ಡರ್’ ಎಂದು ಗುರುತು ಹಾಕಿದರೆ ಅವುಗಳ ಕೆಳಗಿನ ಖಾತೆಗಳಿಗೆ ಮಾತ್ರ ನಮೂದು ಬೀಳುತ್ತದೆ. ತೋಟದ ಕೆಳಗೆ ಕೂಲಿ, ಗೊಬ್ಬರ, ಔಷಧಿ, ಸ್ಪ್ರಿಂಕ್ಲರ್ ಡೀಸೆಲ್, ಬಾಡಿಗೆ, ಇಷ್ಟು ಸಾಕು. ನಲವತ್ತು ಖಾತೆ ಮಾಡಿದವರು ಯಾವುದಕ್ಕೆ ಹಾಕಬೇಕೆಂದು ಯೋಚಿಸಿಯೇ ಸುಸ್ತಾಗುತ್ತಾರೆ. ಏಪ್ರಿಲ್ 1ರ ಪಾಸ್‌ಬುಕ್ ಶಿಲ್ಕು, ಕೈಯಲ್ಲಿದ್ದ ನಗದು, ಬಾಕಿ ಸಾಲ ಇವನ್ನು ‘ಓಪನಿಂಗ್ ಬ್ಯಾಲೆನ್ಸಸ್’ಗೆ ಎದುರಾಗಿ ಹಾಕಿ ಶುರುಮಾಡಬೇಕು.

ಹೆಚ್ಚು ಜನ ಎಡವುವುದು ಮುಂಗಡದಲ್ಲಿ. ಮಳೆಗಾಲದಲ್ಲಿ ಕಾಫಿ ವ್ಯಾಪಾರಿಯಿಂದ ₹50,000 ತಂದರೆ ಅದು ಆದಾಯವಲ್ಲ, ಸಾಲ. ‘ವ್ಯಾಪಾರಿ ಮುಂಗಡ’ ಎಂಬ ಲಯಬಿಲಿಟಿ (ನಾವು ಕೊಡಬೇಕಾದದ್ದರ) ಖಾತೆ ತೆರೆದು ಅಲ್ಲಿ ಹಾಕಿ. ಫೆಬ್ರುವರಿಯಲ್ಲಿ 20 ಚೀಲ ರೊಬಸ್ಟಾ ಚೆರ್ರಿ ಕೊಟ್ಟಿರಿ, 50 ಕೆಜಿ ಚೀಲಕ್ಕೆ ₹10,000 ಎಂದು ಹಿಡಿಯಿರಿ. ಖಾತೆಗೆ ಬಂದದ್ದು ₹1,48,800. ಇದನ್ನೇ ಆದಾಯ ಎಂದು ಬರೆದರೆ ಕಾಫಿ ಬೆಲೆಯೂ ತಪ್ಪು, ಸಾಲವೂ ತೀರಲಿಲ್ಲ. ‘ಸ್ಪ್ಲಿಟ್’ ಒತ್ತಿ ನಾಲ್ಕು ಸಾಲು ಬರೆಯಬೇಕು: ಕಾಫಿ ಆದಾಯ ₹2,00,000, ಮುಂಗಡ ತೀರುವಳಿ ₹50,000, ಲೋಡಿಂಗ್-ಬಾಡಿಗೆ ₹1,200, ಬ್ಯಾಂಕಿಗೆ ₹1,48,800. ಎಲ್ಲೋ ನೂರು ರೂಪಾಯಿ ತಪ್ಪಿದರೆ ಅದು ‘ಇಂಬ್ಯಾಲೆನ್ಸ್-ಐಎನ್ಆರ್’ ಎಂಬ ಖಾತೆಗೆ ತಾನಾಗಿ ಹೋಗಿ ಕೂರುತ್ತದೆ. ತಿಂಗಳ ಕೊನೆಗೆ ಆ ಖಾತೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದನ್ನೇ ತೆರೆಯಿರಿ, ತಪ್ಪಿದ ನಮೂದು ಅಲ್ಲೇ ಸಿಗುತ್ತದೆ.

ಬಟವಾಡೆಗೂ ಇದೇ ಕ್ರಮ, ಆದರೆ ಮುಂಗಡ ಈಗ ನಮಗೆ ಬರಬೇಕಾದದ್ದು, ಅಸೆಟ್ ಖಾತೆ. ವಾರದ ಕೂಲಿ ₹18,000, ಅದರಲ್ಲಿ ಮುಂಗಡಕ್ಕೆ ಮುರಿದದ್ದು ₹2,500, ಕೈಗೆ ಕೊಟ್ಟದ್ದು ₹15,500. ಎಟಿಎಂನಿಂದ ತೆಗೆದ ನಗದನ್ನು ಅಲ್ಲೇ ಖರ್ಚು ಎಂದು ಬರೆದು, ಬಟವಾಡೆಯಲ್ಲಿ ಮತ್ತೆ ಖರ್ಚು ಎಂದು ಬರೆಯುವವರಿದ್ದಾರೆ. ಎಟಿಎಂನದ್ದು ಬ್ಯಾಂಕಿನಿಂದ ‘ಕೈ ನಗದು’ ಖಾತೆಗೆ ವರ್ಗ, ಅಷ್ಟೇ.

ಈ ತಂತ್ರಾಂಶ ನಿಜಕ್ಕೂ ಬೆಲೆ ಬಾಳುವುದು ಚೀಟಿ ಲೆಕ್ಕದಲ್ಲಿ. ಒಂದು ಲಕ್ಷದ ಚೀಟಿ, 20 ಜನ, 20 ತಿಂಗಳು, ಕಂತು ₹5,000. ಒಂದು ತಿಂಗಳು ಯಾರೋ ₹20,000 ಬಿಟ್ಟು ಕೂಗಿದರು. ನಡೆಸುವವರ ಕಮಿಷನ್ 5% ಎಂದರೆ ₹5,000 ಕಳೆದು ಉಳಿದ ₹15,000 ಇಪ್ಪತ್ತು ಜನಕ್ಕೆ ಹಂಚಿದರೆ ತಲಾ ₹750. (ಚೀಟಿ ನಿಧಿ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕಮಿಷನ್ 7%ವರೆಗೂ ಇರಬಹುದು, ನಿಮ್ಮ ಚೀಟಿಯ ಕರಾರು ನೋಡಿ.) ನೀವು ಕಟ್ಟುವುದು ₹4,250. ನಮೂದು: ‘ಚೀಟಿ’ ಅಸೆಟ್ ಖಾತೆಗೆ ₹5,000, ಬ್ಯಾಂಕಿನಿಂದ ₹4,250, ‘ಚೀಟಿ ಲಾಭ’ ಎಂಬ ಆದಾಯದಿಂದ ₹750.

ಎಂಟನೇ ತಿಂಗಳು ನೀವೇ ಅಷ್ಟೇ ಬಿಟ್ಟು ಚೀಟಿ ಎತ್ತಿದಿರಿ ಎನ್ನಿ. ಬ್ಯಾಂಕಿಗೆ ₹80,000, ‘ಚೀಟಿ ನಷ್ಟ’ ಎಂಬ ಖರ್ಚಿಗೆ ₹20,000, ಚೀಟಿ ಖಾತೆಯಿಂದ ₹1,00,000 ಹೊರಗೆ. ಆ ತಿಂಗಳದ್ದೂ ಸೇರಿ ಎಂಟು ಕಂತಿನ ₹40,000 ಅದರಲ್ಲಿತ್ತು. ಈಗ ಶಿಲ್ಕು ಮೈನಸ್ ₹60,000. ಕೆಂಪು ಅಂಕಿ ನೋಡಿ ಗಾಬರಿ ಬೇಡ, ಉಳಿದ 12 ಕಂತು ನಿಮ್ಮ ಸಾಲ ಎಂದು ಹೇಳುತ್ತಿದೆ. ಕೊನೆ ಕಂತು ಕಟ್ಟಿದ ದಿನ ಖಾತೆ ಸೊನ್ನೆಗೆ ಬರುತ್ತದೆ. ಆಗ ಚೀಟಿ ಲಾಭದ ಮೊತ್ತವನ್ನೂ ಚೀಟಿ ನಷ್ಟವನ್ನೂ ಅಕ್ಕಪಕ್ಕ ಇಟ್ಟರೆ ಈ ಚೀಟಿ ಹಾಕಿ ಗಿಟ್ಟಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಕಂತು ಕಟ್ಟಿದ್ದನ್ನೆಲ್ಲ ಖರ್ಚು, ಎತ್ತಿದ್ದನ್ನು ಆದಾಯ ಎಂದು ಬರೆಯುವ ಯಾವ ಆ್ಯಪ್‌ನಲ್ಲೂ ಇದು ತಿಳಿಯದು.

ಸುಗ್ಗಿಯ ಹಣವನ್ನು ವರ್ಷವಿಡೀ ಹಂಚುವುದಕ್ಕೆ ಇದರ ಬಜೆಟ್ ಭಾಗ ಅಷ್ಟಕ್ಕಷ್ಟೆ. ತಿಂಗಳುವಾರು ಅಂಕಿ ತುಂಬಬಹುದು, ಆದರೆ ದುಡ್ಡನ್ನು ಪ್ರತ್ಯೇಕ ತೆಗೆದಿಟ್ಟಂತೆ ಆಗುವುದಿಲ್ಲ. ಅದರ ಬದಲು ಉಳಿತಾಯ ಖಾತೆಯ ಕೆಳಗೇ ‘ಮನೆ ಖರ್ಚಿಗೆ’, ‘ತೋಟಕ್ಕೆ’, ‘ಸಾಲ ತೀರಿಸಲು’ ಎಂಬ ಉಪಖಾತೆ ತೆರೆದು ಮಾರಾಟದ ದಿನವೇ ಹಂಚಿಬಿಡಿ. ಬ್ಯಾಂಕಿನಲ್ಲಿ ಒಂದೇ ಖಾತೆ, ಪುಸ್ತಕದಲ್ಲಿ ಮೂರು ಡಬ್ಬ. ಪಾಸ್‌ಬುಕ್ ಜತೆ ತಾಳೆ ನೋಡುವ ‘ರೀಕನ್‌ಸೈಲ್’ ಕಿಟಕಿಯಲ್ಲಿ ‘ಇನ್‌ಕ್ಲೂಡ್ ಸಬ್‌ಅಕೌಂಟ್ಸ್’ಗೆ ಟಿಕ್ ಹಾಕುವುದನ್ನು ಮರೆತರೆ ಮಾತ್ರ ಶಿಲ್ಕು ಎಷ್ಟು ತಿಣುಕಿದರೂ ಹೊಂದುವುದಿಲ್ಲ.

ಕರೆಂಟ್ ಬಿಲ್ (ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ), ವಿಮಾ ಕಂತು, ಸ್ಕೂಲ್ ಫೀಸ್ ಇಂಥವನ್ನು ‘ಷೆಡ್ಯೂಲ್ಡ್ ಟ್ರಾನ್ಸಾಕ್ಷನ್’ಗೆ ಹಾಕಿದರೆ ದಿನ ಬಂದಾಗ ಅದೇ ನೆನಪಿಸುತ್ತದೆ. ಮೊತ್ತ ಪ್ರತಿ ತಿಂಗಳು ಬೇರೆಯಾದರೆ ಅಂಕಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಬಿಲ್’ ಎಂದು ಎರಡೂ ಕಡೆ ಬರೆಯಿರಿ. ನಮೂದು ಹಾಕುವಾಗ ಎಷ್ಟೆಂದು ಕೇಳುತ್ತದೆ.

ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಫೈಲಾಗಿ ಒಳಗೆ ತರಬಹುದು. ಮೇಲ್ಗಡೆ ವಿಳಾಸ, ಖಾತೆ ಸಂಖ್ಯೆ ಇರುವ ಸಾಲುಗಳನ್ನು ಎಷ್ಟಿವೆಯೋ ಅಷ್ಟು ‘ಸ್ಕಿಪ್’ ಮಾಡಿ. ದಿನಾಂಕದ ರೂಪ ದಿನ-ತಿಂಗಳು-ವರ್ಷ ಎಂದು ಆರಿಸಿ. ಅದು ತಿಂಗಳು-ದಿನ-ವರ್ಷ ಎಂದಿದ್ದರೆ ಮೇ 4 ಏಪ್ರಿಲ್ 5 ಆಗಿಬಿಡುತ್ತದೆ, 12 ದಾಟಿದ ತಾರೀಕಿನ ಸಾಲುಗಳಲ್ಲಿ ದೋಷ ತೋರಿಸುತ್ತದೆ. ಹೊಂದಿಸಿದ್ದನ್ನು ಒಂದು ಹೆಸರಿನಲ್ಲಿ ಉಳಿಸಿಕೊಂಡರೆ ಮುಂದಿನ ಸಲ ಈ ಗೋಜಿಲ್ಲ. ಯಾವ ಖರ್ಚು ಯಾವ ಖಾತೆಗೆ ಎಂಬುದನ್ನು ತಂತ್ರಾಂಶ ವಿವರಣೆಯ ಪದಗಳಿಂದ ಕಲಿಯುತ್ತದೆ. ಯುಪಿಐ ವಿವರಣೆಯಲ್ಲಿ ಅವೇ ಪದಗಳು ಎಲ್ಲ ಸಾಲಿನಲ್ಲೂ ಇರುವುದರಿಂದ ದಿನಸಿ ಅಂಗಡಿಯನ್ನು ಗೊಬ್ಬರಕ್ಕೆ ಸೇರಿಸುವುದೂ ಉಂಟು. ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ.

ವರದಿಗಳಲ್ಲಿ ‘ಇನ್‌ಕಂ ಸ್ಟೇಟ್‌ಮೆಂಟ್’ ಒಂದನ್ನು ಎರಡು ಬಾರಿ ತೆಗೆಯಿರಿ. ತೆರಿಗೆಗೆ ಏಪ್ರಿಲ್‌ನಿಂದ ಮಾರ್ಚ್. ತೋಟಕ್ಕೆ ಕಾಫಿ ವರ್ಷ, ಅಂದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಬೆಳೆದು, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು) ಮಾಡಿಸಿ ಮಾರುವವರಿದ್ದರೆ ಆ ಕಾಫಿಗೆ ಬೇರೆಯದೇ ಆದಾಯ ಖಾತೆ ಇರಲಿ. ಆದಾಯ ತೆರಿಗೆ ನಿಯಮಗಳು ಅಂಥ ಆದಾಯದ 25% ಭಾಗವನ್ನು ವ್ಯಾಪಾರದ ಆದಾಯ ಎಂದು ಹಿಡಿಯುತ್ತವೆ. ಆಡಿಟರ್ ಮೊದಲು ಕೇಳುವುದೇ ಆ ವಿಂಗಡಣೆಯನ್ನು.

ಕೊರತೆಗಳೂ ಇವೆ. ಇದೇ ಫೈಲನ್ನು ಫೋನಿನಲ್ಲಿ ತೆರೆದು ಬರೆಯುವ ಅನುಕೂಲ ಇಲ್ಲ. ಸಂತೆ ಖರ್ಚು ಕಾಗದದ ಚೂರಿನಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಕೂತು ಏರಿಸಬೇಕು. ಗಂಡ ಹೆಂಡತಿ ಇಬ್ಬರೂ ಎರಡು ಕಂಪ್ಯೂಟರಿನಲ್ಲಿ ಒಂದೇ ಫೈಲು ತೆರೆದರೆ ಬೀಗ ಬಿದ್ದಿದೆ ಎಂಬ ಎಚ್ಚರಿಕೆ ಬರುತ್ತದೆ. ‘ಓಪನ್ ಎನಿವೇ’ ಒತ್ತಿದರೋ, ಕೊನೆಗೆ ಸೇವ್ ಮಾಡಿದವರದ್ದು ಉಳಿದು ಇನ್ನೊಬ್ಬರದ್ದು ಹೋಗುತ್ತದೆ. ಸೇವ್ ಮಾಡಿದಾಗಲೆಲ್ಲ ದಿನಾಂಕ ಹೊತ್ತ ಹಳೇ ಪ್ರತಿಗಳು ಅದೇ ಫೋಲ್ಡರ್‌ನಲ್ಲಿ ಗುಡ್ಡೆಯಾಗುತ್ತವೆ. ಮಾಮೂಲಾಗಿ 30 ದಿನ ಇಟ್ಟುಕೊಂಡು ತಾನೇ ಅಳಿಸುತ್ತದೆ. ಕಸ ಎಂದು ಒರೆಸಬೇಡಿ, ಫೈಲು ಕೆಟ್ಟಾಗ ಕೈ ಹಿಡಿಯುವುದು ಅವೇ. ವಾರಕ್ಕೊಂದು ಪ್ರತಿ ಪೆನ್‌ಡ್ರೈವ್‌ಗೆ ಹೋಗಲಿ.

ಒಂದೇ ಸಂಬಳ, ಒಂದೇ ಬ್ಯಾಂಕ್ ಖಾತೆ, ಸಾಲ ಇಲ್ಲ ಎನ್ನುವವರಿಗೆ ಇಷ್ಟು ಉಸಾಬರಿ ಬೇಡ, ಎಕ್ಸೆಲ್ ಹಾಳೆಯೇ ಸಾಕು. ತೋಟದವರು ಶುರುಮಾಡುವುದಿದ್ದರೆ ಜೂನ್-ಜುಲೈ ಒಳ್ಳೇ ಹೊತ್ತು: ಹೊರಗೆ ಮಳೆ, ಏಪ್ರಿಲ್‌ನಿಂದೀಚಿನ ಮೂರು ತಿಂಗಳ ಪಾಸ್‌ಬುಕ್ ಎಂಟ್ರಿ ಮುಂದೆ ಇಟ್ಟುಕೊಂಡು ಕೂರಲು ಪುರುಸೊತ್ತಿರುತ್ತದೆ. ಕೊಯ್ಲಿನ ನಡುವೆ ಶುರುಮಾಡಿದರೆ ಎರಡನೇ ಬಟವಾಡೆಗೇ ಕೈಬಿಡುತ್ತೀರಿ.