ಉತ್ತರ ಹೇಳೋಕೆ ಇಷ್ಟು ಅವಸರ ಯಾಕೆ? ಒಂದು ಜಾವಾಸ್ಕ್ರಿಪ್ಟ್ ಕೋರ್ಸಿನ ಜೊತೆ ಹದಿನಾಲ್ಕು ತಿಂಗಳು

ಕೋರ್ಸಿನ ಹೆಸರು ಬೇಡ, ಬೈಯುವುದಿದೆ. ಅಡ್ವಾನ್ಸ್ಡ್ ಜಾವಾಸ್ಕ್ರಿಪ್ಟ್ (ವೆಬ್ ಪುಟಗಳನ್ನು ಆಡಿಸುವ ಕೋಡಿನ ಭಾಷೆ), ಇಂಗ್ಲಿಷ್ ವಿಡಿಯೋಗಳು, ಆಫರ್‌ನಲ್ಲಿ 549 ರೂಪಾಯಿ ಕೊಟ್ಟೆ.

ನನ್ನ ಸಿಟ್ಟು ಒಂದೇ. ಪಾಠದ ಕೊನೆಗೆ ಮಾಸ್ತರು ಒಂದು ಲೆಕ್ಕ ಕೊಡುತ್ತಾರೆ. 'ನೀವೇ ಬರೆದು ನೋಡಿ' ಅನ್ನುತ್ತಾರೆ. ಅಷ್ಟರಲ್ಲಿ ಪರದೆ ಮೇಲೆ 5, 4, 3... ಉತ್ತರದ ವಿಡಿಯೋ ತಾನೇ ಶುರು! ನಾನಿನ್ನೂ ಪೆನ್ಸಿಲ್ ಹುಡುಕುತ್ತಿರುತ್ತೇನೆ. ಪ್ರಶ್ನೆ ಕೇಳಿ, ಯಾರೂ ಕೈ ಎತ್ತುವ ಮೊದಲೇ ತಾವೇ ಉತ್ತರ ಹೇಳುವವರು ಶಾಲೆಯಲ್ಲೂ ಇದ್ದರು ಅಲ್ವಾ, ಥೇಟ್ ಹಾಗೆ. ಇದನ್ನು ಆಫ್ ಮಾಡುವ ಬಟನ್ ಇಲ್ಲ. ಮೇಲ್ ಹಾಕಿದೆ. 'ನಿಮ್ಮ ಸಲಹೆ ತಲುಪಿದೆ' ಅಂತ ಬಂತು, ಅಷ್ಟೇ.

ಇಷ್ಟಕ್ಕೇ ಯಾಕೆ ಸಿಟ್ಟು ಅಂದರೆ, ನಾನು ಕಲಿಯುವುದೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಬೆಳಿಗ್ಗೆ ಐದೂವರೆಗೆ ಚಹಾ ಹಿಡಿದು ಕೂತು, ಕೋಡ್ ಓಡಿಸುವ ಮುಂಚೆ ಏನು ಪ್ರಿಂಟ್ ಆಗುತ್ತದೆ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಆಮೇಲೆ ಓಡಿಸಿ ತಾಳೆ ನೋಡುವುದು. ತಪ್ಪಿದ್ದಕ್ಕೆ ಸುತ್ತು. ಸೆಟ್‌ಟೈಮ್‌ಔಟ್‌ಗೆ, ಅಂದರೆ 'ಇಷ್ಟು ಹೊತ್ತು ಬಿಟ್ಟು ಈ ಕೆಲಸ ಮಾಡು' ಅನ್ನುವ ಆಜ್ಞೆಗೆ, ಸೊನ್ನೆ ಕೊಟ್ಟರೆ ತಕ್ಷಣ ಓಡುತ್ತದೆ ಅಂತ ಒಂದು ವಾರ ಬರೆದೆ, ಒಂದು ವಾರ ಸುತ್ತು ಹಾಕಿದೆ. ಕೈಯಲ್ಲಿರುವ ಕೋಡ್ ಮುಗಿಯಬೇಕು, ಕಾದು ನಿಂತ ಪ್ರಾಮಿಸ್‌ಗಳು ('ಆಮೇಲೆ ಉತ್ತರ ಕೊಡುತ್ತೇನೆ' ಅಂತ ಮಾತು ಕೊಟ್ಟ ಕೆಲಸಗಳು) ಮುಗಿಯಬೇಕು, ಅದಾದ ಮೇಲೇ ಇದರ ಪಾಳಿ. ಗಿರ್ಮಿಟ್ ಅಂಗಡಿಯವರು 'ಈಗ ಕೊಟ್ಟೆ' ಅಂದ ಹಾಗೆ. ಅವರ ಕೈ ಇನ್ನೂ ಬೇರೆಯವರ ಚುರುಮುರಿ ಕಲಸುತ್ತಿರುತ್ತದೆ. ಇದು ತಲೆಗೆ ಹತ್ತಿದ್ದು ಆ ಸುತ್ತುಗಳಿಂದ, ವಿಡಿಯೋದಿಂದ ಅಲ್ಲ.

ಏಳನೇ ತಿಂಗಳಿಗೆ ಇವೆಂಟ್‌ಗಳ ಪಾಠ ಬಂತು, ಅಂದರೆ ಪುಟದಲ್ಲಿ ಏನಾದರೂ ಆದಾಗ ಬ್ರೌಸರ್ ಕೊಡುವ ಸುದ್ದಿಗಳದ್ದು. ಬಟನ್ ಒತ್ತಿದ ಸುದ್ದಿ ಮೊದಲು ಡಾಕ್ಯುಮೆಂಟ್‌ನಿಂದ (ಅಂದರೆ ಇಡೀ ಪುಟದಿಂದ) ಬಟನ್‌ವರೆಗೆ ಕೆಳಗಿಳಿಯುತ್ತದೆ, ಆಮೇಲೆ ವಾಪಸ್ ಮೇಲೇರುತ್ತದೆ. ವಿಡಿಯೋ ಮುಗಿದಾಗ ಬರುವ 'ಎಂಡೆಡ್' ಇವೆಂಟ್ ಮಾತ್ರ ಮೇಲೇರುವುದಿಲ್ಲ, ಆದರೆ ಇಳಿಯುವಾಗ ಹಿಡಿಯಬಹುದು ಅಂದರು ಮಾಸ್ತರು. ಕಪ್ ಕೆಳಗಿಟ್ಟೆ. ಆ ಹಾಳು ಎಣಿಕೆ ಶುರುವಾಗುವುದೂ ಇದೇ ಇವೆಂಟ್‌ನಿಂದ ಇರಬೇಕಲ್ಲ?

ಎಫ್12 ಒತ್ತಿ, ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಕನ್ಸೋಲ್‌ನಲ್ಲಿ ಒಂದೇ ಸಾಲು ಬರೆದೆ. ಡಾಕ್ಯುಮೆಂಟ್ ಮೇಲೆ 'ಎಂಡೆಡ್'ಗೆ ಒಂದು ಲಿಸನರ್ (ಸುದ್ದಿಗೆ ಕಿವಿಗೊಡುವ ಕೋಡ್), ಅದರೊಳಗೆ ಸುದ್ದಿ ಮುಂದೆ ಹೋಗದಂತೆ ತಡೆಯುವ ಸ್ಟಾಪ್‌ಪ್ರೊಪಗೇಶನ್, ಕೊನೆಗೆ ಒಂದು ಟ್ರೂ. ಆ ಟ್ರೂ ಇದ್ದರೇ ಇಳಿಯುವಾಗ ಹಿಡಿಯುವುದು. ವಿಡಿಯೋ ಮುಗಿಯಿತು. ಪರದೆ ಸುಮ್ನೆ ನಿಂತಿತು. ಎಣಿಕೆ ಇಲ್ಲ! ಮನೆಯವಳನ್ನು ಎಬ್ಬಿಸಿ ತೋರಿಸಿದೆ.

'ಏನೂ ಆಗ್ಲಿಲ್ಲಲ್ರೀ?' ಅಂದಳು.

'ಅದ ಮಜಾ!' ಅಂದೆ. ಮತ್ತೆ ಮಲಗಿದಳು.

ಈಗ ಆ ಸಾಲನ್ನು ಕ್ರೋಮ್‌ನಲ್ಲಿ ಕೋಡಿನ ತುಣುಕು ಉಳಿಸುವ ಸ್ನಿಪೆಟ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ದಿನಾ ಮೊದಲು ಕಂಟ್ರೋಲ್-ಎಂಟರ್ ಒತ್ತಿ ಅದನ್ನು ಓಡಿಸುವುದು, ಆಮೇಲೆ ಚಹಾ. ಮಾಸ್ತರರ ಮೇಲಿನ ಸಿಟ್ಟು ಅವತ್ತೇ ಅರ್ಧ ಇಳಿಯಿತು. ಅವರ ಬೀಗ ತೆಗೆಯುವುದನ್ನು ಅವರೇ ಕಲಿಸಿದ್ದಾರೆ, ಇನ್ನೇನು ಬೈಯಲಿ?

ಕನ್ನಡಕ್ಕೆ ಬೇಕಾದ್ದು ಮಾತ್ರ ಈ ಕೋರ್ಸಿನಲ್ಲಿ ಏನೂ ಇಲ್ಲ. ಹುಬ್ಬಳ್ಳಿಯ ಪ್ರಿಂಟಿಂಗ್ ಅಂಗಡಿಯೊಂದಕ್ಕೆ ನಾನು ಲಗ್ನಪತ್ರಿಕೆಯ ಆರ್ಡರ್ ಪುಟ ಮಾಡುವವನು. 'ಹುಬ್ಬಳ್ಳಿ' ಅಂತ ಬರೆದು ಲೆಂಗ್ತ್ (ಉದ್ದ) ಕೇಳಿ, 9 ಅನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ ಎಣಿಸುತ್ತದೆ. ಇದು ಗೊತ್ತಿಲ್ಲದೆ ಹೆಸರಿನ ಬಾಕ್ಸಿಗೆ 20ರ ಮಿತಿ ಹಾಕಿ, ಮದುಮಗಳ ಹೆಸರು ಅರ್ಧಕ್ಕೇ ತುಂಡಾಗಿ, ಆಕೆಯ ಸೋದರಮಾವನಿಂದ ಬೈಸಿಕೊಂಡೆ. ಕಾರಣ ತಿಳಿದದ್ದು ಎಂಡಿಎನ್ ಅನ್ನುವ ವೆಬ್ ಕೈಪಿಡಿ ತಾಣದಲ್ಲಿ, ಪುಕ್ಕಟೆ.

ಆಫರ್ ಇದ್ದರೆ ತಗೊಳ್ಳಿ. ಪೂರ್ತಿ ಬೆಲೆಗೆ ನಾನಂತೂ ತಗೊಳ್ಳುತ್ತಿರಲಿಲ್ಲ. ಮೊಬೈಲ್‌ನಲ್ಲೇ ಕಲಿಯುವವರಾದರೆ ಇನ್ನೊಮ್ಮೆ ಯೋಚಿಸಿ, ಆ್ಯಪ್‌ನಲ್ಲಿ ಎಫ್12 ಇಲ್ಲ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ನಾನು ಹೆಬ್ಬೆರಳನ್ನು ವಿಡಿಯೋ ನಿಲ್ಲಿಸುವ ಪಾಸ್ ಬಟನ್ ಮೇಲೇ ಇಟ್ಟು ಕೂರುತ್ತೇನೆ. ನಿನ್ನೆ ಉಣಕಲ್ ಹತ್ತಿರ ಬಸ್ಸು ಬ್ರೇಕ್ ಹಾಕಿತು, ಬೆರಳು ಜಾರಿತು, ಉತ್ತರ ಕಂಡೇಬಿಟ್ಟಿತು.