ಏಳು ತಿಂಗಳು ನೀ ಕ್ಯಾಪ್ ಹಾಕಿಕೊಂಡು ಓಡಿದ ಮೇಲೆ

ಮೆಟ್ಟಿಲು ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಮಾತ್ರ ಬಲ ಮಂಡಿಚಿಪ್ಪಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಅದುಮಿದ ಹಾಗೆ ನೋವು. ಒಂದು ಗಂಟೆ ಕುರ್ಚಿಯಲ್ಲಿ ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ಕುಂಟಬೇಕು. ಹನ್ನೊಂದು ವರ್ಷದಿಂದ ಓಡುತ್ತಿರುವ ನನಗೆ 47ನೇ ವಯಸ್ಸಿನಲ್ಲಿ ಬಂದ ಮೊದಲ ದೊಡ್ಡ ಪೆಟ್ಟು ಇದು. ಬಿದ್ದು ಆದದ್ದಲ್ಲ. ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದವಳು ಎರಡೇ ವಾರದಲ್ಲಿ 34ಕ್ಕೆ ಏರಿಸಿದೆ. ಮಂಡಿ ತಡೆಯಲಿಲ್ಲ.

ಆಗ ಕೊಂಡ ನೀ ಕ್ಯಾಪ್ ಬಗ್ಗೆ ಬರೆಯುತ್ತಿದ್ದೇನೆ. ಮೂರು ಬಗೆಯದು ನನ್ನ ಹತ್ತಿರ ಬಂತು. ಒಂದನ್ನು ವಾಪಸ್ ಮಾಡಿದೆ, ಒಂದನ್ನು ಏಳು ತಿಂಗಳಿಂದ ಹಾಕುತ್ತಿದ್ದೇನೆ, ಇನ್ನೊಂದು ನನ್ನ ಅಮ್ಮನ ಕಾಲಿನಲ್ಲಿದೆ.

ಕೊಳ್ಳುವ ಮುಂಚೆ ನಾನು ಮಾಡಿದ್ದು ಪೂರ್ತಿ ವಿಶ್ರಾಂತಿ. ನಾಲ್ಕು ವಾರ ಓಡಲಿಲ್ಲ. ಐಸ್ ಇಟ್ಟೆ, ಕಾಲು ಎತ್ತಿಟ್ಟುಕೊಂಡು ಕೂತೆ. ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ವಿಶ್ರಾಂತಿ, ಐಸ್, ಬಿಗಿಯಾದ ಪಟ್ಟಿ, ಕಾಲು ಮೇಲೆ. 1978ರಲ್ಲಿ ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದಕ್ಕೆ ‘ರೈಸ್’ ಅಂತ ಹೆಸರಿಟ್ಟರು. ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನೇ ತಡ ಮಾಡಬಹುದು ಅಂತ ಮುಂದೆ ಅವರೇ ಹೇಳಿದರು. ಆ ಎರಡನೇ ಮಾತು ನನ್ನ ಕಿವಿಗೆ ಬಿದ್ದದ್ದು ತುಂಬಾ ತಡವಾಗಿ. ನಾಲ್ಕು ವಾರದಲ್ಲಿ ನೋವೇನೋ ಹೋಗಿತ್ತು. ಮತ್ತೆ ಓಡಲು ಶುರು ಮಾಡಿದ ಮೂರನೇ ದಿನಕ್ಕೆ ಹಾಗೇ ವಾಪಸ್ ಬಂತು. ತೊಡೆ ಸ್ನಾಯು ಬೇರೆ ಇಳಿದುಹೋಗಿತ್ತು. ಅವತ್ತು ರಾತ್ರಿ ನಾನು ಅತ್ತಿದ್ದೇನೆ. ಓಟ ನನಗೆ ಸುಮ್ನೆ ವ್ಯಾಯಾಮ ಅಲ್ಲ, ದಿನದಲ್ಲಿ ನನ್ನದು ಅಂತ ಇರುವ ಒಂದೇ ಗಂಟೆ ಅದು.

ಆಮೇಲೆ ಫಿಸಿಯೋ ಹತ್ತಿರ ಹೋದೆ. ಅವರು ಕನ್ನಡಿ ಮುಂದೆ ನಿಲ್ಲಿಸಿ ಒಂಟಿ ಕಾಲಲ್ಲಿ ಅರ್ಧ ಕೂರಲು ಹೇಳಿದರು. ಎಡಗಾಲು ನೆಟ್ಟಗೆ ಇಳಿಯಿತು. ಬಲ ಮಂಡಿ ಮಾತ್ರ ಒಳಕ್ಕೆ, ಹೆಬ್ಬೆರಳಿನ ಕಡೆಗೆ ವಾಲಿತು. ನಾನು ಎಷ್ಟು ಗಟ್ಟಿಯಾಗಿ ಹಿಡಿದರೂ ಅದು ನಿಲ್ಲಲೇ ಇಲ್ಲ. ಸೊಂಟದ ಪಕ್ಕದ ಸ್ನಾಯು ಸೋತರೆ ಮಂಡಿ ಹೀಗೆ ವಾಲುತ್ತದೆ ಅಂದರು. ಸಮ ನೆಲದಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಅರ್ಧದಷ್ಟು. ಮೆಟ್ಟಿಲಿನಲ್ಲಿ ಅದು ಮೈತೂಕದ ಮೂರು ಪಟ್ಟಿಗೂ ಜಾಸ್ತಿ. ನನ್ನ ನೋವು ಮೆಟ್ಟಿಲನ್ನೇ ಯಾಕೆ ಆರಿಸಿಕೊಂಡಿತ್ತು ಅಂತ ಅವತ್ತು ಗೊತ್ತಾಯಿತು.

ನೀ ಕ್ಯಾಪ್ ಹಾಕಲೇ ಅಂತ ಕೇಳಿದೆ. "ಹಾಕಿಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಕ್ಯಾಪ್ ಹಾಕ್ಕೊಂಡು ಕೂತ್ಕೋಬೇಡಿ, ಹಾಕ್ಕೊಂಡು ವ್ಯಾಯಾಮ ಮಾಡಿ" ಅಂದರು. ಈ ವಸ್ತುವಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಇನ್ನೂ ಕೇಳಿಲ್ಲ.

ಮೊದಲು ತರಿಸಿದ್ದು ದಪ್ಪ ನಿಯೋಪ್ರೀನ್‌ನದು, ನಡುವೆ ಚಿಪ್ಪಿಗೆ ದುಂಡನೆ ತೂತು ಇರುವಂಥದ್ದು. ನಿಯೋಪ್ರೀನ್ ಅಂದರೆ 1930ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿದ ಕೃತಕ ರಬ್ಬರು. ಸಮುದ್ರಕ್ಕೆ ಇಳಿಯುವವರು ಮೈ ಬೆಚ್ಚಗಿರಲಿ ಅಂತ ಹಾಕುವ ಉಡುಪು ಕೂಡ ಇದರದ್ದೇ. ಒಳಗೆ ಸಣ್ಣ ಸಣ್ಣ ಗುಳ್ಳೆಗಳಿರುವುದರಿಂದ ಶಾಖ ಹೊರಗೆ ಹೋಗುವುದಿಲ್ಲ. ಬೆಳಗಿನ ಚಳಿಯಲ್ಲಿ ಆ ಬಿಸಿ ಹಿತ. ಐದು ಕಿಲೋಮೀಟರ್ ಆದಮೇಲೆ ಅದೇ ಬಿಸಿ ಬೆವರಾಗಿ ಮೀನಖಂಡದ ಮೇಲೆ ಇಳಿಯುತ್ತದೆ, ಕ್ಯಾಪೂ ಜಾರುತ್ತದೆ.

ಅದು ವಾಪಸ್ ಹೋದದ್ದು ಬೆವರಿಗಲ್ಲ, ನನ್ನ ತಪ್ಪಿಗೆ. ಬಟ್ಟೆ ಕೊಳ್ಳುವಾಗ ನನಗೆ ‘ಎಂ’ ಸರಿಹೋಗುತ್ತದೆ. ಅದೇ ಲೆಕ್ಕದಲ್ಲಿ ‘ಎಂ’ ತರಿಸಿದ್ದೆ. ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೆ ಪಾದ ಜೋಮು ಹಿಡಿಯಿತು. ತೆಗೆದು ನೋಡಿದರೆ ತೊಡೆಯ ಸುತ್ತ ಹಗ್ಗ ಕಟ್ಟಿದ ಹಾಗೆ ಕೆಂಪು ಗೆರೆ. ಮಂಡಿಯ ಹಿಂದಿನ ಮಡಿಕೆಯಲ್ಲಿ ಮೂರು ಬೆರಳಗಲ ಚರ್ಮ ಉಜ್ಜಿ ಹೋಗಿತ್ತು. ದಪ್ಪ ರಬ್ಬರು ಕಾಲು ಮಡಚಿದಾಗಲೆಲ್ಲ ಅಲ್ಲೇ ಗಂಟಾಗಿ ಚಿವುಟುತ್ತದೆ. ನೀವು ಹಾಕಿ ನೋಡುವಾಗ ಸುಮ್ನೆ ನಿಂತು ನೋಡಬೇಡಿ. ಹತ್ತು ಸಲ ಕುಕ್ಕುರುಗಾಲಲ್ಲಿ ಕೂತು ಎದ್ದು ನೋಡಿ. ಚಿವುಟುವುದಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಅಳತೆ ತೆಗೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಮುಕ್ಕಾಲು ಪಾಲು ತೊಂದರೆ ಇಲ್ಲೇ ಆಗುವುದು. ಪೊಟ್ಟಣದ ಪಟ್ಟಿಯಲ್ಲಿ ಎಲ್ಲಿ ಅಳೆಯಬೇಕು ಅಂತ ಬರೆದಿರುತ್ತಾರೆ. ಕೆಲವರು ಚಿಪ್ಪಿನ ನಡುವೆ ಅಳೆಯಿರಿ ಅನ್ನುತ್ತಾರೆ, ಕೆಲವರು ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ತೊಡೆಯಲ್ಲಿ ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ನನಗೆ ಚಿಪ್ಪಿನ ಮೇಲೆ 37, ತೊಡೆಯಲ್ಲಿ 45 ಬಂತು. ಟೇಪನ್ನು ಬಿಗಿದು ಎಳೆಯಬೇಡಿ, ಚರ್ಮಕ್ಕೆ ತಾಗಿದರೆ ಸಾಕು. ಸಂಜೆ ಅಳೆಯಿರಿ, ದಿನವಿಡೀ ನಿಂತು ನಡೆದ ಕಾಲು ಸ್ವಲ್ಪ ಊದಿರುತ್ತದೆ. ನೋವಿರುವ ಕಾಲನ್ನೇ ಅಳೆಯಿರಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದನ್ನೇ ತಗೊಳ್ಳಿ.

ಎರಡನೆಯದು ಹೆಣೆದ ಬಟ್ಟೆಯ ತೆಳು ಕ್ಯಾಪ್, ಸೈಜು ‘ಎಲ್’. ಮಂಡಿಯ ಹಿಂಭಾಗದಲ್ಲಿ ಜಾಳಿಗೆಯಂಥ ನೇಯ್ಗೆ. ಮೇಲಿನ ಅಂಚಿನ ಒಳಗೆ ಸಿಲಿಕೋನ್‌ನ ಎರಡು ಅಲೆಅಲೆ ಗೆರೆಗಳಿವೆ, ಜಾರದಿರಲಿ ಅಂತ. ಈಗ ಹಾಕುತ್ತಿರುವುದು ಇದನ್ನೇ. ಹಾಕುವುದಕ್ಕೂ ಒಂದು ಕ್ರಮ ಇದೆ. ಮೇಲಿನ ಅರ್ಧವನ್ನು ಹೊರಕ್ಕೆ ಮಗುಚಿ, ಕೆಳಗಿನ ಅರ್ಧವನ್ನು ಮೊದಲು ಕಾಲಿಗೆ ಏರಿಸಬೇಕು. ಅದು ಚಿಪ್ಪಿನ ಕೆಳಗೆ ಕೂತ ಮೇಲೆ ಮಗುಚಿದ ಭಾಗವನ್ನು ತೊಡೆಗೆ ಬಿಡಿಸಬೇಕು. ಅಂಚು ಹಿಡಿದು ದರದರ ಎಳೆದರೆ ಹೊಲಿಗೆ ಬೇಗ ಬಿಡುತ್ತದೆ. ಒಂದು ಸಲ ಆತುರದಲ್ಲಿ ಹಾಗೇ ಎಳೆದು ಒಳಗಿನ ಒಂದು ನೂಲು ಕಿತ್ತುಬಂದಿದೆ, ಇನ್ನೂ ನೇತಾಡುತ್ತಿದೆ.

ಚಿಪ್ಪನ್ನು ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ ಅಂತ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿದೆ. ಅದನ್ನು ನಂಬಬೇಡಿ. ಮಂಡಿಚಿಪ್ಪು ತೊಡೆಯ ದೊಡ್ಡ ಸ್ನಾಯುವಿನ ರಜ್ಜುವಿನೊಳಗೆ ಕೂತಿರುವ ಮೂಳೆ. ನಮ್ಮ ದೇಹದಲ್ಲಿ ಆ ಬಗೆಯ ಮೂಳೆಗಳಲ್ಲೆಲ್ಲ ಇದೇ ದೊಡ್ಡದು. ಅಂಥದ್ದನ್ನು ಇಷ್ಟು ಮೆತ್ತಗಿನ ಬಟ್ಟೆ ಎಲ್ಲಿ ಹಿಡಿದೀತು? ಹಾಗಿದ್ದರೂ ಹಾಕಿದಾಗ ಹಿತ ಅನ್ನಿಸುವುದು ಸುಳ್ಳಲ್ಲ. ಬಿಗಿ ಬಟ್ಟೆ ಚರ್ಮವನ್ನು ಮುಟ್ಟುತ್ತಲೇ ಇದ್ದರೆ ಕಾಲು ಎಲ್ಲಿದೆ, ಎಷ್ಟು ಮಡಚಿದೆ ಅನ್ನುವ ಸುದ್ದಿ ಮೆದುಳಿಗೆ ಜಾಸ್ತಿ ಹೋಗುತ್ತದೆ. ಹೆಜ್ಜೆ ಇಡುವಾಗ ಧೈರ್ಯ ಬರುತ್ತದೆ. ನನಗೆ ಬೇಕಾಗಿದ್ದದ್ದು ಅದೇ. ನೋವಿನ ಹೆದರಿಕೆಗೆ ನಾನು ಬಲಗಾಲನ್ನು ಸರಿಯಾಗಿ ಊರುತ್ತಲೇ ಇರಲಿಲ್ಲ. ಊರದ ಕಾಲಿಗೆ ಬಲ ಎಲ್ಲಿಂದ ಬರಬೇಕು?

ಅಂಕಿಯಲ್ಲಿ ಹೇಳುವುದಾದರೆ, ಮೊದಲ ವಾರ ಕ್ಯಾಪ್ ಇಲ್ಲದೆ ಮೆಟ್ಟಿಲು ಇಳಿದರೆ ಹತ್ತಕ್ಕೆ ಐದರಷ್ಟು ನೋವು, ಹಾಕಿದರೆ ಮೂರು. ಎರಡೇ ಅಂಕಿಯ ವ್ಯತ್ಯಾಸ. ಆದರೆ ಫಿಸಿಯೋ ನನಗೆ ಹಾಕಿಕೊಟ್ಟ ಗೆರೆ ಸರಿಯಾಗಿ ಮೂರರಲ್ಲೇ ಇತ್ತು. ಮೂರರವರೆಗೆ ನೋವು ಬಂದರೆ ಪರವಾಗಿಲ್ಲ, ಮಾರನೇ ಬೆಳಗ್ಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿ ಆಯಿತು ಅಂತ ಅರ್ಥ. ಕ್ಯಾಪ್ ನನ್ನನ್ನು ಆ ಗೆರೆಯೊಳಗೆ ತಂದಿಟ್ಟಿತು. ಹಾಗಾಗಿಯೇ ನಾನು ವ್ಯಾಯಾಮ ಶುರು ಮಾಡಲು ಆಯಿತು.

ವ್ಯಾಯಾಮ ಏನೂ ದೊಡ್ಡದಲ್ಲ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇದ್ದ ಹಾಗೆ ಕೂತು 30 ಸೆಕೆಂಡ್ ನಿಲ್ಲುವುದು. ಕೆಳಗಿನ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು ಎಡ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸಿ ಮತ್ತೆ ಎತ್ತುವುದು. ಈ ಕೊನೆಯದು ನನ್ನನ್ನು ತುಂಬಾ ಕಾಡಿತು. ಮೊದಲ ದಿನ ಆರು ಸಲಕ್ಕೆ ತೊಡೆ ನಡುಗಿತು. ಆರನೇ ವಾರದಲ್ಲಿ ಹನ್ನೆರಡರಂತೆ ಮೂರು ಸುತ್ತು ಆಯಿತು, ಕನ್ನಡಿಯಲ್ಲಿ ಮಂಡಿ ನೆಟ್ಟಗಿತ್ತು. ಓಟವನ್ನು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದರಿಂದ ಮತ್ತೆ ಕಟ್ಟಿಕೊಂಡೆ.

ಎಂಟನೇ ವಾರಕ್ಕೆ ನಾನೊಂದು ವಿಷಯ ಗಮನಿಸಿದೆ. ನೋವಿದೆಯೋ ಇಲ್ಲವೋ ನೋಡದೆ, ಶೂ ಹಾಕುವ ಮುಂಚೆ ಕೈ ತಾನಾಗಿ ಕ್ಯಾಪಿಗೆ ಹೋಗುತ್ತಿತ್ತು. ಅವತ್ತಿಂದ ಒಂದು ಪುಟ್ಟ ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆ: ಇವತ್ತು ಕ್ಯಾಪ್ ಹೌದು ಅಥವಾ ಇಲ್ಲ, ನೋವು ಎಷ್ಟು, ನಾಳೆ ಬೆಳಗ್ಗೆ ಎಷ್ಟು. ಸಮತಟ್ಟಾದ ದಾರಿಯಲ್ಲಿ ಮೊದಲು ಬಿಟ್ಟೆ. ಆಮೇಲೆ ವ್ಯಾಯಾಮಕ್ಕೆ ಬಿಟ್ಟೆ. ಈಗ ವಾರಕ್ಕೆ 26 ಕಿಲೋಮೀಟರ್ ಓಡುತ್ತೇನೆ. ಇಳಿಜಾರು ಜಾಸ್ತಿ ಇರುವ ದಾರಿಗೆ, ವಾರದ ಉದ್ದ ಓಟಕ್ಕೆ ಮಾತ್ರ ಕ್ಯಾಪ್. ಒಂದು ವಾರ ಮೂರು ಸಲ ಬೇಕು ಅನ್ನಿಸಿದರೆ ಮುಂದಿನ ವಾರ ದೂರ ಇಳಿಸುತ್ತೇನೆ.

ಅಮ್ಮನದು ಬೇರೆ ಕಥೆ. ಅವಳಿಗೆ 74, ಎರಡೂ ಮಂಡಿಯಲ್ಲಿ ಸವೆತ. ನನ್ನ ಕ್ಯಾಪ್ ನೋಡಿ "ನಂಗೂ ಒಂದು ತರ್ಸೇ" ಅಂದಳು. ತರಿಸಿದೆ. ಆದರೆ ಹಾಕಿಕೊಳ್ಳಲು ಅವಳ ಬೆರಳಿಗೆ ಶಕ್ತಿ ಸಾಲಲಿಲ್ಲ. ಬಗ್ಗಿ, ಎಳೆದು, ಅರ್ಧಕ್ಕೆ ಸುಸ್ತಾಗಿ ಕೂತುಬಿಟ್ಟಳು. ಆ ಮುಖ ನೋಡಿದಾಗ ನನಗೆ ನನ್ನ ಮಂಡಿ ಮರೆತೇಹೋಯಿತು. ಅವಳಿಗೆ ಸರಿಹೋದದ್ದು ಸುತ್ತಿ ವೆಲ್ಕ್ರೋ ಅಂಟಿಸುವಂಥದ್ದು. ಕುರ್ಚಿಯಲ್ಲಿ ಕೂತೇ ಹಾಕಬಹುದು, ಊತ ಬಂದ ದಿನ ಸಡಿಲ ಮಾಡಬಹುದು. ಅದನ್ನು ಕಟ್ಟಿಕೊಂಡು ಬೆಳಗ್ಗೆ ಇಪ್ಪತ್ತು ನಿಮಿಷ ನಡೆಯುತ್ತಾಳೆ. ಮನೆಯಲ್ಲಿ ದಿನವಿಡೀ ಹಾಕಿಕೊಂಡೇ ಇರುತ್ತಿದ್ದಳು, ರಾತ್ರಿ ಮಲಗುವಾಗಲೂ. ರಾತ್ರಿ ಹಾಕುವುದನ್ನು ಜಗಳ ಮಾಡಿ ಬಿಡಿಸಿದ್ದೇನೆ. ನಿದ್ದೆಯಲ್ಲಿ ಬಿಗಿಯಾದರೆ ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು, ರಕ್ತ ಓಡಾಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಲೇಬಾರದು.

ಯಾವ ಕ್ಯಾಪೂ ಬೇಡ, ನೇರ ವೈದ್ಯರ ಹತ್ತಿರ ಹೋಗಿ ಅನ್ನುವ ಸಂದರ್ಭಗಳೂ ಇವೆ. ಬಿದ್ದ ಮೇಲೆ ಕಾಲಿನ ಮೇಲೆ ಭಾರ ಹಾಕಲು ಆಗದಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲು ಬಾರದಿದ್ದರೆ, ನಡೆಯುವಾಗ ಕುಸಿದುಹೋದರೆ, ಮಂಡಿ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ತಡ ಮಾಡಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಹೋಗಿ. ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು.

ಒಗೆಯುವುದು ತಣ್ಣೀರಿನಲ್ಲಿ, ಮೆದು ಸೋಪಿನಲ್ಲಿ, ಕೈಯಲ್ಲೇ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಲ್ಲಿ ಹರವಿ. ವೆಲ್ಕ್ರೋ ಇರುವುದಾದರೆ ಅಂಟಿಸಿಯೇ ಒಗೆಯಿರಿ, ಇಲ್ಲದಿದ್ದರೆ ನೂಲು ಕೂದಲೆಲ್ಲ ಅದಕ್ಕೆ ಹತ್ತುತ್ತದೆ. ಪ್ರತಿ ಓಟದ ಮೇಲೂ ಒಗೆಯಬೇಕು. ಒಂದು ಸಲ ಬ್ಯಾಗಿನಲ್ಲೇ ಎರಡು ದಿನ ಬಿಟ್ಟಿದ್ದಕ್ಕೆ ಚರ್ಮದ ಮೇಲೆ ದದ್ದು ಎದ್ದಿತ್ತು. ನಿಯೋಪ್ರೀನ್ ಕೆಲವರ ಚರ್ಮಕ್ಕೆ ಒಗ್ಗುವುದೇ ಇಲ್ಲ. ಒಗೆದು ಹಾಕಿದರೂ ತುರಿಕೆ ಬಂದರೆ ಬಟ್ಟೆಯದಕ್ಕೆ ಬದಲಾಯಿಸಿ.

ನನ್ನ ಕ್ಯಾಪಿನ ಬಿಗಿ ಈಗ ಕಡಿಮೆಯಾಗಿದೆ. ಮೇಲಿನ ಅಂಚಿನ ಸಿಲಿಕೋನ್ ಗೆರೆ ಒಂದು ಕಡೆ ಸುಲಿದಿದೆ, ಉದ್ದ ಓಟದಲ್ಲಿ ಎರಡು ಸಲ ನಿಂತು ಮೇಲೆತ್ತಿಕೊಳ್ಳಬೇಕಾಗುತ್ತದೆ. ಅದೇ ಬಗೆಯದು ಇನ್ನೊಂದನ್ನು ಮೊನ್ನೆ ತರಿಸಲು ಹೇಳಿದ್ದೇನೆ. ತೊಡೆ ಮತ್ತೆ ತುಂಬಿಕೊಂಡಿದೆ, ಅಳೆದರೆ 47 ಬಂತು. ಸೈಜು ‘ಎಲ್’ನಲ್ಲೇ ಇದೆ. ಅಮ್ಮನದರ ವೆಲ್ಕ್ರೋ ಇನ್ನೂ ಗಟ್ಟಿಯಾಗಿದೆ, ಪಟ್ಟಿ ಮಾತ್ರ ಸ್ವಲ್ಪ ಉದ್ದ ಬೇಕಿತ್ತು ಅನ್ನುತ್ತಾಳೆ.